ಹಿತ್ತಲ ಗಿಡ ಯಾವ ರೋಗಕ್ಕೆ ಮದ್ದು?

“ಹಿತ್ತಲ ಗಿಡ ಮದ್ದಲ್ಲ” ಎಂಬುದು ನಮ್ಮ ಹಳೆಯ ಗಾದೆ. ಸುಲಭವಾಗಿ ದೊರೆಯುವ ವಸ್ತುವಿಗೆ ಮನುಷ್ಯನು ಬೆಲೆ ಕೊಡುವುದಿಲ್ಲವೆಂಬ ಅರ್ಥದಲ್ಲಿ ಹಿರಿಯರು ಇದನ್ನು ಆಡುತ್ತ ಬಂದಿದ್ದಾರೆ. ಆದರೆ ಈಚಿನ ವರ್ಷಗಳಲ್ಲಿ ಈ ಗಾದೆಯು ತಲೆಕೆಳಗಾಗಿದೆ. 2020ನೆಯ ಇಸವಿಯ ಕೊರೋನಾ ಕಾಲದಿಂದೀಚೆಗೆ ಹಿತ್ತಲಿನ ಗಿಡವೆಲ್ಲವೂ ಮದ್ದೇ ಆಗಿಬಿಟ್ಟಿದೆ. ಬೆಳಿಗ್ಗೆ ಎದ್ದು ಮೊಬೈಲು ತೆರೆದರೆ ಸಾಕು. ಈ ಎಲೆ ಸಕ್ಕರೆ ಕಾಯಿಲೆಗೆ, ಆ ಬೇರು ಮೂತ್ರದ ಕಲ್ಲಿಗೆ, ಇನ್ನೊಂದು ಚಕ್ಕೆಯು ಸಕಲ ರೋಗಕ್ಕೂ ಎಂದು ಉಪದೇಶಿಸುವ ಸಂದೇಶಗಳು ಸಾಲುಗಟ್ಟಿ ನಿಂತಿರುತ್ತವೆ. ಹಿಂದೆ ಅಲಕ್ಷ್ಯವು ನಮ್ಮ ದೋಷವಾಗಿತ್ತು; ಈಗ ಅತಿ ನಂಬಿಕೆಯು ದೋಷವಾಗಿದೆ. ಈ ಎರಡರ ನಡುವೆ ಇರುವ ಹಾದಿ ಯಾವುದೆಂಬುದನ್ನು ನನ್ನ ಅಲ್ಪ ತಿಳಿವಳಿಕೆಗೆ ನಿಲುಕಿದಷ್ಟು ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಗಿಡಮೂಲಿಕೆಯ ಗೊಡವೆ ಏಕೆಂದು ಕೆಲವು ಮಿತ್ರರು ನಗಬಹುದು. ಅದಕ್ಕೆ ನನ್ನ ಉತ್ತರವನ್ನು ಲೇಖನದ ಕೊನೆಯಲ್ಲಿ ಕೊಡುತ್ತೇನೆ. ಮೊದಲು ನಾನು ಕಂಡದ್ದನ್ನು ಹೇಳುತ್ತೇನೆ.

ನಮ್ಮ ತಂದೆಯವರ ಊರು ಸಿರುಗುಪ್ಪ ತಾಲೂಕಿನ ಒಂದು ಹಳ್ಳಿ. ತಾಯಿಯ ತವರು ಕುರುಗೋಡಿನ ಹತ್ತಿರ. ಓದು ಬಳ್ಳಾರಿಯಲ್ಲಿ. ಬಸ್ಸಿನಲ್ಲಿ ಒಂದೆರಡು ತಾಸುಗಳೊಳಗೆ ಮುಗಿದುಹೋಗುವ ಈ ಮೂರು ಸ್ಥಳಗಳು ಗಿಡಗಳ ಮಟ್ಟಿಗೆ ಮೂರು ಬೇರೆ ಬೇರೆ ಲೋಕಗಳು. ಸಿರುಗುಪ್ಪದ ಕಡೆಗೆ ತುಂಗಭದ್ರೆಯ ಕಾಲುವೆಯ ನೀರು, ಎರೆಮಣ್ಣು, ಕಣ್ಣಿಗೆ ಎಟುಕುವವರೆಗೂ ಭತ್ತದ ಗದ್ದೆ. ಅಲ್ಲಿಯ ಬದುಗಳ ಹಸಿಯಲ್ಲಿ ಗರಗ, ಒಂದೆಲಗ, ನೆಲನೆಲ್ಲಿಗಳು ಬೆಳೆಯುತ್ತವೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಯ ಸುತ್ತ ಕಲ್ಲುಗುಡ್ಡಗಳು. ಅವುಗಳ ಬುಡದ ಒಣನೆಲದಲ್ಲಿ ಹಳದಿ ಹೂವಿನ ತಂಗಡಿ, ಉತ್ತರಾಣಿ, ನೆಗ್ಗಿಲು, ಬೇವಿನ ಮರವನ್ನು ಹಬ್ಬಿದ ಅಮೃತಬಳ್ಳಿ. ಬಳ್ಳಾರಿಯಲ್ಲಿಯಾದರೋ ಗುಡ್ಡವಿದ್ದರೂ ಗಿಡ ಕೊಯ್ಯುವವರಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಪುಡಿಯಾಗಿ, ಪೊಟ್ಟಣವಾಗಿ, ಚೀಟಿ ಅಂಟಿಸಿಕೊಂಡು ಬಂದುದೇ ಅಲ್ಲಿಯ ಮೂಲಿಕೆ.

ತಾಯಿಯ ತಾಯಿ, ಅಂದರೆ ನಮ್ಮ ಅಜ್ಜಿ, ಗಿಡ ಬಲ್ಲವಳು. ಕೆಮ್ಮು ಬಂದ ಮೊಮ್ಮಕ್ಕಳು, ಮೈಕೈ ನೋವಿನ ಕೂಲಿಯವರು, ಬೆವರುಸಾಲೆ ಎದ್ದ ಹುಡುಗರು ಅವಳ ಕಟ್ಟೆಯ ಮೇಲೆ ಕುಳಿತಿರುವುದನ್ನು ನಾನು ಚಿಕ್ಕಂದಿನಿಂದಲೂ ನೋಡಿದ್ದೇನೆ. ಹಣ ತೆಗೆದುಕೊಂಡವಳಲ್ಲ. ಅವಳ ವೈದ್ಯಕ್ಕಿಂತ ನನಗೆ ಹೆಚ್ಚು ನೆನಪಿನಲ್ಲಿ ಉಳಿದಿರುವುದು ಅವಳ ನಿರಾಕರಣೆ. “ಕೂಸಿಗೆ, ಬಸುರಿಗೆ, ಹಾವಿಗೆ ನನ್ನ ಹತ್ರ ಮದ್ದಿಲ್ಲಪ್ಪ” ಎಂದು ಅವಳು ಕೈಮುಗಿದುಬಿಡುತ್ತಿದ್ದಳು. ಅದು ಅವಳ ವಿನಯವೆಂದು ಬಹಳ ದಿನ ತಿಳಿದಿದ್ದೆ. ಅದು ವಿನಯವಲ್ಲ, ಜ್ಞಾನವೆಂದು ತಿಳಿಯಲು ಮನೆಯಲ್ಲಿ ಒಂದು ಆಪತ್ತು ಬರಬೇಕಾಯಿತು.

ಕೆಲವು ವರ್ಷಗಳ ಹಿಂದೆ, ನಾಟಿಯ ಕಾಲದಲ್ಲಿ, ಸಂಜೆಯ ಮಬ್ಬಿನಲ್ಲಿ ಗದ್ದೆಗೆ ನೀರು ತಿರುವಲು ಹೋದ ನಮ್ಮ ಚಿಕ್ಕಪ್ಪನ ಕಾಲಿಗೆ ಹಾವು ಕಡಿಯಿತು. ಹೊತ್ತುಕೊಂಡು ಮನೆಗೆ ತಂದರು. ಊರಿನಲ್ಲಿ ಹಾವಿನ ಔಷಧ ಬಲ್ಲವರೆಂದು ಹೆಸರಾದ ಹಿರಿಯರೊಬ್ಬರು ಬಂದು ಮೊಣಕಾಲಿನ ಕೆಳಗೆ ಹಗ್ಗವನ್ನು ಬಿಗಿದು, ಯಾವುದೋ ಸೊಪ್ಪಿನ ರಸವನ್ನು ಕುಡಿಸಿ, ಅದರ ಚರಟವನ್ನು ಗಾಯಕ್ಕೆ ಕಟ್ಟಿದರು. ನಿದ್ದೆ ಮಾಡಗೊಡಬಾರದೆಂದರು. ಒಂದು ತಾಸಾಯಿತು, ಎರಡು ತಾಸಾಯಿತು. ಕಾಲು ಊದಿ ಕಪ್ಪಾಗುತ್ತ ಬಂದಿತು. ಆಗ ನಮ್ಮ ತಾಯಿಯು, ಇನ್ನಾವುದಾದರೂ ಸೊಪ್ಪನ್ನು ಸೇರಿಸಬಹುದೇ ಎಂದು ಕೇಳಲು ಕುರುಗೋಡಿಗೆ ಫೋನು ಮಾಡಿದಳು. ಅಜ್ಜಿಯು ಗಟ್ಟಿಯಾಗಿ ಕೂಗಿ ಆಡಿದ ಮಾತು ಫೋನಿನಿಂದ ಇಡೀ ಪಡಸಾಲೆಗೆ ಕೇಳಿಸಿತು: “ಸೊಪ್ಪು ಹುಡುಕಬ್ಯಾಡ್ರೋ, ಗಾಡಿ ಹುಡುಕ್ರೋ!”

ಗಾಡಿ ಸಿಕ್ಕಿತು. ಆಸ್ಪತ್ರೆಯಲ್ಲಿ ವಿಷನಿವಾರಕ ಚುಚ್ಚುಮದ್ದು ಕೊಟ್ಟರು. ಚಿಕ್ಕಪ್ಪನ ಪ್ರಾಣ ಉಳಿಯಿತು. ಬಲಗಾಲಿನ ಎರಡು ಬೆರಳುಗಳು ಉಳಿಯಲಿಲ್ಲ. ಇದರಲ್ಲಿ ನನ್ನನ್ನು ಈಗಲೂ ಕಾಡುವ ಸಂಗತಿ ಬೇರೊಂದಿದೆ. ಅವನು ಊರಿಗೆ ಮರಳಿದ ಮೇಲೆ ನೋಡಲು ಬಂದವರಲ್ಲಿ ಹೆಚ್ಚಿನವರು, “ಮೊದಲು ಆ ಸೊಪ್ಪು ಕುಡಿಸಿದ್ದಕ್ಕೆ ಜೀವ ಉಳೀತು” ಎಂದೇ ಹೇಳಿದರು. ಕಳೆದುಹೋದ ಎರಡು ತಾಸಿನ ಲೆಕ್ಕವನ್ನು ಯಾರೂ ಕೇಳಲಿಲ್ಲ. ಸೊಪ್ಪಿನ ಕೀರ್ತಿಗೆ ಮತ್ತೊಂದು ಗರಿ ಸೇರಿತು.

ಈ ಘಟನೆಯಿಂದ ನಾನು ಕಲಿತದ್ದು ಇಷ್ಟು: ಮನೆಮದ್ದಿಗೆ ಗಿಡವನ್ನು ಆರಿಸುವುದಕ್ಕೆ ಮೊದಲು ರೋಗವನ್ನು ಆರಿಸಬೇಕು. ಯಾವ ಗಿಡ ಒಳ್ಳೆಯದೆಂಬುದು ಎರಡನೆಯ ಪ್ರಶ್ನೆ. ಈ ಕಾಯಿಲೆಯು ಮನೆಯಲ್ಲಿ ಇಟ್ಟುಕೊಳ್ಳಬಹುದಾದದ್ದೇ, ಇಲ್ಲವೇ ಎಂಬುದು ಮೊದಲನೆಯ ಪ್ರಶ್ನೆ. ನಮ್ಮ ಜನರು ಎರಡನೆಯದನ್ನು ಕೇಳುತ್ತಾರೆ. ಮೊದಲನೆಯದನ್ನು ಕೇಳುವುದೇ ಇಲ್ಲ.

ಗಿಡಗಳಿಗೆ ಇಲ್ಲದ ಕೀರ್ತಿ ಹೇಗೆ ಬರುತ್ತದೆಂಬುದನ್ನು ಸ್ವಲ್ಪ ಯೋಚಿಸೋಣ. ನಮ್ಮ ಸೀಮೆಯಲ್ಲಿ ಕಾಣುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕೂಡ ಕಡಿದಾಗಲೆಲ್ಲ ವಿಷವನ್ನು ಬಿಡುವುದಿಲ್ಲ. ಹೀಗಿರುವಾಗ ಹಾವು ಕಡಿದ ಹತ್ತು ಜನರಿಗೆ ಯಾವ ಎಲೆಯನ್ನು ತಿನ್ನಿಸಿದರೂ ಹಲವರು ಬದುಕಿಯೇ ತೀರುತ್ತಾರೆ. ಬದುಕಿದವರು ಎಲೆಯ ಗುಣಗಾನ ಮಾಡುತ್ತಾರೆ. ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ. ಆದರೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷವು ಮೈಗೆ ಸೇರಿದ ಮೇಲೆ ಆಸ್ಪತ್ರೆಯ ಚುಚ್ಚುಮದ್ದಲ್ಲದೆ ಬೇರೆ ಮದ್ದಿಲ್ಲ. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅಂದರೆ ವರ್ಷಕ್ಕೆ ಸುಮಾರು 58 ಸಾವಿರ. ಅವರಲ್ಲಿ ಬಹುಪಾಲು ಹಳ್ಳಿಯವರು, ನಮ್ಮ ಚಿಕ್ಕಪ್ಪನಂತೆ ಹೊಲಗದ್ದೆಗಳಲ್ಲಿ ದುಡಿಯುವವರು. ಕರ್ನಾಟಕ ಸರಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಘೋಷಿಸಿರುವುದು ಸರಿಯಾದ ಹೆಜ್ಜೆ. ಹಗ್ಗ ಬಿಗಿಯಬಾರದು, ಗಾಯ ಕೊಯ್ಯಬಾರದು, ಕಡಿಸಿಕೊಂಡವನನ್ನು ನಡೆಸಬಾರದು. ಕಾಲನ್ನು ಅಲುಗಾಡದಂತೆ ಇರಿಸಿ ಆಸ್ಪತ್ರೆಗೆ ಸಾಗಿಸಬೇಕು. ಇಷ್ಟನ್ನು ತಿಳಿದಿರುವುದೇ ನಮ್ಮ ಗದ್ದೆಯ ಸೀಮೆಯಲ್ಲಿ ದೊಡ್ಡ ಮನೆಮದ್ದು.

ಕಾಮಾಲೆಯ ಮಾತೂ ಹೀಗೆಯೇ. ಕಾಮಾಲೆಗೆ ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕುಡಿಸುವುದನ್ನು ನಮ್ಮ ಕಡೆ ಅರಿಯದವರಿಲ್ಲ. ನೀರು, ಆಹಾರಗಳ ಮೂಲಕ ಹರಡುವ ಕಾಮಾಲೆಯು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಕೈಯಲ್ಲಿ ಯಾವ ಬಟ್ಟಲಿತ್ತೋ ಅದಕ್ಕೆ ಹೆಸರು ಬರುತ್ತದೆ. ಇದನ್ನು ಹೇಳಿ ನೆಲನೆಲ್ಲಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಿಜ್ಞಾನಿಗಳು ಅದನ್ನು ಗೌರವದಿಂದಲೇ ಪರೀಕ್ಷಿಸಿದ್ದಾರೆ. 1988ರಲ್ಲಿ ಮದರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ವೈರಸ್ಸಿನ ಶೋಧಕ್ಕೆ ನೊಬೆಲ್ ಪಾರಿತೋಷಕ ಪಡೆದ ಬ್ಲಂಬರ್ಗರ ಜತೆಗೂಡಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಆ ವೈರಸ್ಸನ್ನು ಹೊತ್ತ 37 ಜನರಿಗೆ ನೆಲನೆಲ್ಲಿಯ ಪುಡಿಯನ್ನು ಕೊಟ್ಟಾಗ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತೆಂದೂ, ಬರಿಯ ಪುಡಿ ಪಡೆದ 23 ಜನರಲ್ಲಿ ಒಬ್ಬನಿಗೆ ಮಾತ್ರ ಹಾಗಾಯಿತೆಂದೂ ಅದು ಹೇಳಿತು. ಲೋಕವೆಲ್ಲ ಕಿವಿ ನಿಮಿರಿಸಿತು. ಆದರೆ ಅನಂತರ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಅಂತಹ ಫಲ ಕಾಣಲಿಲ್ಲ. ಒಳ್ಳೆಯ ಆರಂಭ, ನಿರಾಶೆಯ ಮುಂದುವರಿಕೆ. ವಿಜ್ಞಾನದಲ್ಲಿ ಇದು ಹೊಸದಲ್ಲ. ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಕಣ್ಣು ಹಳದಿಯಾಗುವುದು ಒಂದೇ ರೋಗದ ಲಕ್ಷಣವಲ್ಲ. ಇಲಿಯ ಮೂತ್ರ ಬೆರೆತ ಕೆಸರಿನಲ್ಲಿ ದುಡಿಯುವವರಿಗೆ ತಗಲುವ ಇಲಿಜ್ವರದಲ್ಲಿಯೂ ಕಣ್ಣು ಹಳದಿಯಾಗುವುದುಂಟು. ಅದಕ್ಕೆ ತಕ್ಕ ಔಷಧವನ್ನು ಬೇಗನೆ ಕೊಡದಿದ್ದರೆ ಮೂತ್ರಪಿಂಡಗಳೇ ಕೆಡಬಹುದು. ಸಿರುಗುಪ್ಪದ ಗದ್ದೆಯ ಕೂಲಿಯವನ ಹಳದಿ ಕಣ್ಣಿಗೆ, ರಕ್ತಪರೀಕ್ಷೆಯಿಲ್ಲದೆ ನೆಲನೆಲ್ಲಿ ಕುಡಿಸುತ್ತ ಹದಿನೈದು ದಿನ ಪಥ್ಯ ಹಿಡಿಸುವುದು ಎಷ್ಟು ಸರಿ? ಗಿಡವು ವಿಷವಲ್ಲದಿರಬಹುದು, ಅದರ ಹೆಸರಿನಲ್ಲಿ ಕಳೆಯುವ ದಿನಗಳು ವಿಷವಾಗುತ್ತವೆ.

ರೋಗವನ್ನು ಆರಿಸಿದ ಮೇಲೆ ಗಿಡದ ಸರದಿ. ಇಲ್ಲಿ ನಮ್ಮ ಬಳ್ಳಾರಿಯವರಿಗೆ ಬೇರೆಯವರಿಗಿಲ್ಲದ ಒಂದು ತೊಡಕು ಉಂಟು. ನಮ್ಮಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಲಕ್ಕಿಯು ಪಕ್ಕದ ಮನೆಯಲ್ಲಿ ವಾವಿಲಿ, ಅಮೃತಬಳ್ಳಿಯು ತಿಪ್ಪತೀಗ. ಹೆಸರು ಬೇರೆಯಾಗಿ ಗಿಡ ಒಂದೇ ಆದರೆ ಕೆಡುಕಿಲ್ಲ. ಹೆಸರು ಒಂದಾಗಿ ಗಿಡ ಎರಡಾದರೆ ಮಾತ್ರ ಅಪಾಯ. ಕನ್ನಡದಲ್ಲಿ ಬ್ರಹ್ಮದಂಡೆಯೆಂದರೆ ದುಂಡನೆಯ ಮುಳ್ಳುಚೆಂಡಿನಂಥ ಹೂವಿನ ಗಿಡ. ತೆಲುಗಿನಲ್ಲಿ ಬ್ರಹ್ಮದಂಡಿಯೆಂದರೆ ಹಳದಿ ಹೂವಿನ, ಹಳದಿ ಹಾಲು ಸುರಿಸುವ, ಪಾಳುಭೂಮಿಯಲ್ಲೆಲ್ಲ ಎದ್ದುನಿಲ್ಲುವ ಇನ್ನೊಂದು ಮುಳ್ಳುಗಿಡ. ಶಾಸ್ತ್ರೀಯವಾಗಿ ಅದು ಆರ್ಗೆಮೋನೆ ಮೆಕ್ಸಿಕಾನಾ. ಅದನ್ನೇ ಕನ್ನಡದಲ್ಲಿ ಹಲವರು ದತ್ತೂರಿ ಎನ್ನುತ್ತಾರೆ. ದತ್ತೂರಿಯೆಂದು ಬಿಳಿ ಕಹಳೆ ಹೂವಿನ ಉಮ್ಮತ್ತಿಯನ್ನು ಕರೆಯುವವರೂ ಉಂಟು. ಎರಡೂ ವಿಷವೇ. ಈ ಹಳದಿ ಹೂವಿನ ಗಿಡದ ಬೀಜದ ಎಣ್ಣೆಯು ಸಾಸಿವೆ ಎಣ್ಣೆಯಲ್ಲಿ ಬೆರೆತ ಕಾರಣದಿಂದಲೇ 1998ರಲ್ಲಿ ದಿಲ್ಲಿಯಲ್ಲಿ ಸಾವಿರಾರು ಜನರ ಕಾಲುಗಳು ಊದಿ, 60ಕ್ಕೂ ಹೆಚ್ಚು ಜನರು ಸತ್ತರು. “ಬ್ರಹ್ಮದಂಡಿ ತಂದು ಅರೆದು ಕುಡಿ” ಎಂದು ಒಬ್ಬನು ಬರೆದರೆ, ಓದುವವನ ಮನೆಮಾತಿನ ಮೇಲೆ ಅವನ ಆರೋಗ್ಯವು ನಿಂತಿರುತ್ತದೆ!

ಇನ್ನೂ ಹೇಳಬಹುದು. ಬ್ರಾಹ್ಮಿಯೆಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಆಡುಮುಟ್ಟದ ಸೊಪ್ಪೆಂದು ಕೆಲವರು ಆಡುಸೋಗೆಯನ್ನು ಕರೆದರೆ, ಕೆಲವರು ವಾಂತಿ ಬರಿಸುವ ಒಂದು ಬಳ್ಳಿಯನ್ನು ಕರೆಯುತ್ತಾರೆ. ಅಮೃತಬಳ್ಳಿಯ ಕಥೆಯಂತೂ ಈಚಿನದು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿಯನ್ನು ಸೇವಿಸಿದ ಆರು ಜನರಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ಕಂಡು 2021ರಲ್ಲಿ ಪ್ರಕಟಿಸಿದರು. ಕೇಂದ್ರ ಸರಕಾರದ ಆಯುಷ್ ಮಂತ್ರಾಲಯವು ಇದನ್ನು ಒಪ್ಪದೆ, ಅವರು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ, ಅಥವಾ ಅದರ ಸೋದರನಾದ, ಕಾಂಡದ ಮೇಲೆ ಗುಳ್ಳೆಗಳಿರುವ ಟಿನೋಸ್ಪೋರ ಕ್ರಿಸ್ಪವೇ ಎಂಬುದನ್ನು ಮೊದಲು ಗುರುತಿಸಬೇಕಿತ್ತೆಂದಿತು. ಈ ವಾದದಲ್ಲಿ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಎರಡು ಪಕ್ಷದಿಂದಲೂ ನಮಗೆ ದೊರೆಯುವ ಪಾಠ ಮಾತ್ರ ಒಂದೇ: ಗುರುತು ಖಚಿತವಿಲ್ಲದ ಬಳ್ಳಿಯನ್ನು ಕುದಿಸಿ ತಿಂಗಳುಗಟ್ಟಲೆ ಕುಡಿಯಬಾರದು.

ಗಿಡದ ಹೆಸರು ತಪ್ಪಿದರೆ ಅನಾಹುತವಾಗುವುದು ಬಡದೇಶಗಳಲ್ಲಿ ಮಾತ್ರವೆಂದು ತಿಳಿಯಬಾರದು. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ 1990ರ ದಶಕದ ಆರಂಭದಲ್ಲಿ ಮೈ ಇಳಿಸಲು ಚೀನೀ ಮೂಲಿಕೆಯ ಗುಳಿಗೆಗಳನ್ನು ನುಂಗಿದ ಅನೇಕ ಹೆಂಗಸರ ಮೂತ್ರಪಿಂಡಗಳು ಕೆಟ್ಟುಹೋದವು. ವಿಚಾರಿಸಿದಾಗ, ಚೀನೀ ಭಾಷೆಯಲ್ಲಿ ಹೋಲುವ ಹೆಸರುಳ್ಳ ಎರಡು ಗಿಡಗಳಲ್ಲಿ ಒಂದರ ಬದಲು ಇನ್ನೊಂದು ಬಂದಿದ್ದಿತು. ಆ ಇನ್ನೊಂದು ಗಿಡವು ಯಾವ ಕುಲದ್ದೋ ಅದೇ ಕುಲದ್ದು, ನಮ್ಮಲ್ಲಿ ಹಾವಿನ ಮದ್ದೆಂದು ಹೆಸರಾದ ಈಶ್ವರಿ ಬಳ್ಳಿ. ಮೂತ್ರಪಿಂಡವನ್ನು ಕೆಡಿಸುವ ಆಮ್ಲವು ಆ ಕುಲದ ಗಿಡಗಳಲ್ಲಿ ಇರುತ್ತದೆ. ಹಳೆಯದೆಂದ ಮಾತ್ರಕ್ಕೆ, ಗಿಡವೆಂದ ಮಾತ್ರಕ್ಕೆ, ನಿರಪಾಯವೆನ್ನುವ ಹಾಗಿಲ್ಲ.

ಮೂರನೆಯದು ನೆಲದ ಆಯ್ಕೆ. ನಮ್ಮ ಅಜ್ಜಿಯ ಕಾಲದಲ್ಲಿ ಬದುವಿನ ಸೊಪ್ಪೆಂದರೆ ಶುದ್ಧ ಸೊಪ್ಪು. ಈಗ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಕಡೆಗಳಲ್ಲಿ ಬೆಳೆಗೆ ಕೀಟನಾಶಕ, ಬದುವಿಗೆ ಕಳೆನಾಶಕ. ನಿನ್ನೆ ಔಷಧ ಹೊಡೆದ ಬದುವಿನಿಂದ ಇಂದು ಗರಗ, ಒಂದೆಲಗಗಳನ್ನು ಕೊಯ್ದು ಚಟ್ನಿ ಅರೆದರೆ ತಿಂದಂತಾಗುವುದು ಗಿಡವನ್ನಷ್ಟೇ ಅಲ್ಲ. ಎಷ್ಟು ತೊಳೆದರೂ ಎಲೆಯ ಒಳಗೆ ಸೇರಿದ್ದು ಹೋಗದು. ಒಂದೆಲಗವು ನೀರಿನ ಅಂಚಿನ ಗಿಡವಾದ್ದರಿಂದ ಊರಿನ ಚರಂಡಿಯ ಪಕ್ಕದಲ್ಲಿ ಸೊಂಪಾಗಿ ಹಬ್ಬಿರುತ್ತದೆ. ಸೊಂಪನ್ನು ನೋಡಿ ಮರುಳಾಗಬಾರದು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯ ಬೇವು, ತುಳಸಿಗಳಿಗೂ ಇದೇ ಮಾತು.

ಗುಡ್ಡದ ಕಡೆಗೆ ಹೋಗೋಣವೆಂದರೆ ಅಲ್ಲಿ ನಮ್ಮೂರಿನ ಹೆಸರನ್ನೇ ಹೊತ್ತ ಗಿಡವು ದಾರಿಗೆ ಅಡ್ಡವಾಗಿದೆ. ಅದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಹುಟ್ಟು ಅಮೆರಿಕದ ಸೀಮೆಯದು. ಸೌದೆಗೂ ಹಸಿರಿಗೂ ಆದೀತೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ದೇಶಕ್ಕೆ ತರಿಸಿದ ಈ ಮುಳ್ಳುಮರವು, ನೀರಿಲ್ಲದ ನೆಲದಲ್ಲಿಯೂ ಬೇರಿಳಿಸಿ, ಹಳ್ಳದ ದಂಡೆ, ಗೋಮಾಳ, ಗುಡ್ಡದ ಬುಡಗಳನ್ನೆಲ್ಲ ಆಕ್ರಮಿಸಿತು. ಬಡವರ ಒಲೆಗೆ ಅದು ಸೌದೆಯಾಯಿತು, ಆಡುಗಳಿಗೆ ಅದರ ಕಾಯಿ ಮೇವಾಯಿತು, ಇಲ್ಲವೆನ್ನಲಾಗದು. ಆದರೆ ಅದರ ಅಡಿಯಲ್ಲಿ ಬೇರೆ ಗಿಡಗಳು ಏಳುವುದು ಕಷ್ಟ. ಅಜ್ಜಿಯು ಲಕ್ಕಿಯ ಸೊಪ್ಪು ಮುರಿಯುತ್ತಿದ್ದ ಹಳ್ಳದ ದಂಡೆಯಲ್ಲಿ ಈಗ ಜಾಲಿಯಲ್ಲದೆ ಬೇರೊಂದಿಲ್ಲ. ಆದುದರಿಂದ ಸಿಕ್ಕಲ್ಲಿ ಕೊಯ್ಯುವ ಕಾಲ ಹೋಯಿತು. ಮನೆಮದ್ದಿನ ಗಿಡವನ್ನು ಮನೆಯಲ್ಲಿಯೇ ನೆಡಬೇಕು. ಗುರುತು ತಪ್ಪುವುದಿಲ್ಲ, ವಿಷ ಸೋಕುವುದಿಲ್ಲ, ಬೇರು ಕಿತ್ತು ಕಾಡನ್ನು ಬರಿದು ಮಾಡಿದ ಪಾಪವೂ ಬರುವುದಿಲ್ಲ.

ಹಾಗಾದರೆ ಏನನ್ನು ನೆಡಬೇಕು? ಐವತ್ತು ಗಿಡಗಳ ಪಟ್ಟಿ ಬೇಡ. ಮೊಗ್ಗಿನಲ್ಲಿ, ಹೂವಿನಲ್ಲಿ, ಕಣ್ಣುಮುಚ್ಚಿ ಮೂಸಿದಾಗಲೂ ಗುರುತು ಸಿಗುವ ನಾಲ್ಕೈದು ಸಾಕು. ತುಳಸಿ ಹಾಗೂ ದೊಡ್ಡಪತ್ರೆಗಳು ಕುಂಡದಲ್ಲಿಯೂ ಬೆಳೆಯುತ್ತವೆ. ನೆಗಡಿಯ ಗಂಟಲಿಗೆ ಅವುಗಳ ಬಿಸಿ ಕಷಾಯವು ಹಿತ. ಅದಕ್ಕೆ ಜೇನು ಬೆರೆಸಿ ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಿಸಬಾರದು. ಆಡುಸೋಗೆಯನ್ನು ಬೇಲಿಗೆ ನೆಡಬಹುದು. ಕಫ ಕಟ್ಟಿದ ಕೆಮ್ಮಿಗೆ ಅಜ್ಜಿಯಂದಿರು ಅದನ್ನು ಬಳಸಿದ್ದು ಹುಸಿಯಲ್ಲ. ಅದರಲ್ಲಿರುವ ವಾಸಿಸಿನ್ ಎಂಬ ಸತ್ತ್ವದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕೆಮ್ಮಿನ ಔಷಧವನ್ನು ವಿಜ್ಞಾನಿಗಳು ತಯಾರಿಸಿದರು. ಆದರೆ ಅದೇ ಸತ್ತ್ವವು ಗರ್ಭಕೋಶವನ್ನು ಹಿಂಡುವ ಗುಣವುಳ್ಳದ್ದು. ಬಸುರಿಗೆ ಅದು ಸಲ್ಲದು. ಅಜ್ಜಿಯ “ಬಸುರಿಗೆ ಮದ್ದಿಲ್ಲ” ಎಂಬ ಮಾತಿಗೆ ರಸಾಯನಶಾಸ್ತ್ರವು ಹೀಗೆ ಸಾಕ್ಷಿ ನುಡಿಯುತ್ತದೆ! ಲಕ್ಕಿಯ ಸೊಪ್ಪನ್ನು ಕುದಿಸಿ ಹಬೆ ಹಿಡಿಯುವುದು, ದುಡಿದ ಮೈಗೆ ಅದರ ನೀರು ಹುಯ್ದುಕೊಳ್ಳುವುದು ಸುಖಕರ. ಒಲೆಯ ಸಣ್ಣ ಸುಟ್ಟಗಾಯವನ್ನು ಮೊದಲು ಹತ್ತಿಪ್ಪತ್ತು ನಿಮಿಷ ತಣ್ಣೀರಿಗೆ ಹಿಡಿದು, ಆಮೇಲೆ ಲೋಳೆಸರ. ತುರಿಕೆಗೆ, ಬೆವರುಸಾಲೆಗೆ ಬೇವಿನ ಎಲೆಯ ನೀರಿನ ಸ್ನಾನ. ಬೇವಿನ ಎಣ್ಣೆಯನ್ನು ಕೂಸುಗಳ ಬಾಯಿಗೆ ಹಾಕುವ ಪದ್ಧತಿಯನ್ನು ಮಾತ್ರ ಬಿಟ್ಟುಬಿಡಬೇಕು. ಮಲೇಶಿಯಾದಲ್ಲಿ ಹಾಗೆ ಕುಡಿಸಿದ ಕೂಸುಗಳಿಗೆ ವಿಷವೇರಿದ ವರದಿಯು 1981ರಷ್ಟು ಹಿಂದೆಯೇ ಬಂದಿದೆ. ಬೇಧಿಗೆ ಯಾವ ಗಿಡವೂ ಬೇಡ. ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದನ್ನು ಗುಟುಕು ಗುಟುಕಾಗಿ ಕುಡಿಸುವುದೇ ಮದ್ದು. ಜ್ವರ ಮೂರು ದಿನ ಮೀರಿದರೆ, ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ, ಕೂಸು ಹಾಲು ಬಿಟ್ಟರೆ, ಸೊಪ್ಪು ಹುಡುಕುವ ಹೊತ್ತಲ್ಲ. ಗಾಡಿ ಹುಡುಕುವ ಹೊತ್ತು.

ಇಷ್ಟು ಓದಿದವರಲ್ಲಿ ಕೆಲವರು, “ಹಾಗಾದರೆ ಗಿಡದ ಸಹವಾಸವೇ ಏಕೆ? ಅಂಗಡಿಯ ಮಾತ್ರೆ ನುಂಗಿದರಾಯಿತು” ಎಂದಾರು. ಇದನ್ನು ನಾನು ಒಪ್ಪುವುದಿಲ್ಲ. ಸಣ್ಣ ನೆಗಡಿಗೂ ಔಷಧದಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಂಡು ನುಂಗುವ ಆಂಟಿಬಯಾಟಿಕ್ ಮಾತ್ರೆಯು ಅಮೃತಬಳ್ಳಿಗಿಂತ ವಿವೇಕದ ಮಾರ್ಗವೇನಲ್ಲ. ನೆಗಡಿಗೆ ಅದು ಕೆಲಸವನ್ನೂ ಮಾಡದು. ನಿಜವಾಗಿ ಬೇಕಾದಾಗ ಕೈಕೊಡುವ ಸ್ಥಿತಿಯನ್ನೂ ತರುವುದು. ತಾನಾಗಿ ಹೋಗುವ ಸಣ್ಣ ಬೇನೆಗೆ ಬಿಸಿ ಕಷಾಯ, ವಿಶ್ರಾಂತಿ, ಮನೆಯವರ ಆರೈಕೆಗಳಿಗಿಂತ ಹೆಚ್ಚಿನದು ಬೇಕಿಲ್ಲ. ಬಡವನ ಮನೆಯಲ್ಲಿ ಅದು ಉಳಿಸುವ ಹಣವೂ ಸಣ್ಣದಲ್ಲ. ಮನೆಮದ್ದಿನ ಮರ್ಯಾದೆಯು ಅದರ ಎಲ್ಲೆಯೊಳಗೆ ಇದೆ. ಎಲ್ಲೆ ಮೀರಿಸಿ ಹೊಗಳುವವರೇ ಅದಕ್ಕೆ ನಿಜವಾದ ಶತ್ರುಗಳು.

ಈ ವಿಷಯದಲ್ಲಿ ನಮ್ಮ ಊರಿಗೆ ಒಂದು ಭಾಗ್ಯವುಂಟು. ತುಂಗಭದ್ರೆಯ ತೀರದಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿ, ಶಿಕ್ಷಣ, ವೈದ್ಯ, ದೇಶಸೇವೆಗಳಲ್ಲಿ ಬಾಳನ್ನು ಸವೆಸಿದ ಪಂಡಿತ ತಾರಾನಾಥರ ಹೆಸರಿನ ಸರಕಾರಿ ಆಯುರ್ವೇದ ಮಹಾವಿದ್ಯಾಲಯವು ಬಳ್ಳಾರಿಯಲ್ಲಿಯೇ ಇದೆ. ಗಿಡಮೂಲಿಕೆಗಳ ಗುರುತು, ಗುಣಗಳನ್ನು ತಿಳಿಸುವ ದ್ರವ್ಯಗುಣವೆಂಬ ಶಾಸ್ತ್ರವು ಅಲ್ಲಿಯ ಪಾಠಗಳಲ್ಲೊಂದು. ಅದೇ ಊರಿನಲ್ಲಿ 1961ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. ಕೇಳಿ ತಿಳಿಯಬೇಕೆಂಬ ಮನಸ್ಸುಳ್ಳವರಿಗೆ ಬಲ್ಲವರು ದೂರದಲ್ಲಿಲ್ಲ. ಆದರೂ ನಾವು ಮೊಬೈಲಿನಲ್ಲಿ ಮುಖ ಕಾಣದವರ ಮಾತನ್ನು ನಂಬುತ್ತೇವೆ!

ಈಗ ಆರಂಭದ ಪ್ರಶ್ನೆಗೆ ಬರುತ್ತೇನೆ. ಕಲಾ ವಿಭಾಗದವರಿಗೆ ಇದರಲ್ಲಿ ಏನು ಕೆಲಸ? ಮೇಲೆ ಹೇಳಿದ ಅಪಾಯಗಳಲ್ಲಿ ಒಂದು ದೊಡ್ಡ ಪಾಲು ಹೆಸರಿನ ಅಪಾಯ, ಅಂದರೆ ಮಾತಿನ ಅಪಾಯ. ಮಾತಿನ ಕೆಲಸವು ನಮ್ಮದಲ್ಲದೆ ಇನ್ನಾರದು? ನಮ್ಮ ತರಗತಿಗಳಲ್ಲಿ ಸಿರುಗುಪ್ಪ, ಕುರುಗೋಡು, ಬಳ್ಳಾರಿಗಳಿಂದ ಬರುವ, ಮನೆಯಲ್ಲಿ ಕನ್ನಡ, ತೆ­ಲುಗು, ಉರ್ದು ಆಡುವ ವಿದ್ಯಾರ್ಥಿಗಳಿದ್ದೇವೆ. ಒಬ್ಬೊಬ್ಬರು ದೀಪಾವಳಿಯ ರಜೆಯಲ್ಲಿ ತಮ್ಮ ಮನೆಯ ಹಿರಿಯರಿಂದ ಹತ್ತು ಗಿಡಗಳ ಹೆಸರನ್ನು ಕೇಳಿ ಬರೆದುಕೊಂಡು, ಎಲೆಹೂಗಳನ್ನು ಕಾಗದದಲ್ಲಿ ಒತ್ತಿ ತಂದರೆ, ಒಂದು ವರ್ಷದಲ್ಲಿ ಈ ಸೀಮೆಯ ಮದ್ದಿನ ಗಿಡಗಳ ಒಂದು ಹೆಸರಿನ ಪುಸ್ತಕವು ಸಿದ್ಧವಾಗುತ್ತದೆ. ಆಯುರ್ವೇದ ಕಾಲೇಜಿನ ಅಧ್ಯಾಪಕರು ಶಾಸ್ತ್ರೀಯ ಹೆಸರನ್ನು ಗುರುತಿಸಿಕೊಡಬಹುದು. ಆ ಪುಸ್ತಕದಲ್ಲಿ ಕನ್ನಡ ಹೆಸರಿಗೊಂದು, ತೆಲುಗು ಉರ್ದು ಹೆಸರುಗಳಿಗೊಂದು, ಶಾಸ್ತ್ರೀಯ ಹೆಸರಿಗೊಂದು, ಸಿಕ್ಕ ಸ್ಥಳಕ್ಕೊಂದು, ಉಪಯೋಗಕ್ಕೊಂದು ಅಂಕಣವಿರಲಿ. ಎಲ್ಲಕ್ಕೂ ಮುಖ್ಯವಾಗಿ ಕೊನೆಯಲ್ಲಿ “ಯಾವುದಕ್ಕೆ ಅಲ್ಲ” ಎಂಬ ಅಂಕಣವೊಂದಿರಲಿ. ಕಾಲೇಜಿನ ಆವರಣದ ಮೂಲೆಯಲ್ಲಿ ಹತ್ತು ಗಿಡಗಳನ್ನು ನೆಟ್ಟು ಹೆಸರಿನ ಫಲಕ ಹಾಕಲು ಹೆಚ್ಚಿನ ಹಣವೂ ಬೇಡ. ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರ ಒಂದು ಭಾನುವಾರ ಸಾಕು. ಅಧ್ಯಾಪಕ ವರ್ಗದವರು ಈ ಸೂಚನೆಯನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ನಮ್ಮ ಅಜ್ಜಿಗೆ ಈಗ ಕಣ್ಣು ಮಂಜಾಗಿದೆ. ಗಿಡವನ್ನು ಮೂಸಿ, ಎಲೆಯನ್ನು ಬೆರಳಲ್ಲಿ ಹೊಸಕಿ ಗುರುತಿಸುತ್ತಾಳೆ. ಕಳೆದ ಬೇಸಿಗೆಯಲ್ಲಿ ನಾನು ಈ ಪುಸ್ತಕಕ್ಕೆಂದು ಅವಳ ಮುಂದೆ ಕುಳಿತು ಹೆಸರುಗಳನ್ನು ಬರೆದುಕೊಳ್ಳುತ್ತಿದ್ದಾಗ ಇಪ್ಪತ್ಮೂರು ಗಿಡಗಳನ್ನು ಹೇಳಿ ನಿಲ್ಲಿಸಿದಳು. “ಇಷ್ಟೇ ಏನಜ್ಜಿ?” ಎಂದೆ. “ಕೇಳಿದ್ದು ಭಾಳ ಅದಾವಪ್ಪ. ಗೊತ್ತಿರೋವು ಇಷ್ಟೇ” ಎಂದಳು. ಕೇಳಿದ್ದು ಬೇರೆ, ಗೊತ್ತಿರುವುದು ಬೇರೆ ಎಂಬ ಈ ವಿವೇಕವನ್ನು ನಾವೂ ಕಲಿತರೆ ಹಿತ್ತಲ ಗಿಡವು ನಿಶ್ಚಯವಾಗಿಯೂ ಮದ್ದಾಗುತ್ತದೆ. ಅದನ್ನು ಕಲಿಯದಿದ್ದರೆ, ಬೆಟ್ಟದ ಸಂಜೀವಿನಿಯೇ ಮನೆಯ ಹಿತ್ತಲಿಗೆ ಬಂದರೂ ನಮಗೆ ಪ್ರಯೋಜನವಾಗದು.